ಯಂತ್ರ ಎಳೆದ ಕೆಂಪು ಗೆರೆ



ಕವಿತೆ, ಕಥೆ, ಪ್ರಬಂಧಗಳನ್ನು ಬರೆಯುವವರು ಲೋಕದಲ್ಲಿ ಕೆಲವರೇ. ಆದರೆ ರಜೆಯ ಅರ್ಜಿ, ಮನೆಯ ಮಾಲೀಕರಿಗೆ ಒಂದು ಪತ್ರ, ಬ್ಯಾಂಕಿಗೊಂದು ಮನವಿ, ಊರಿನ ಬಂಧುಗಳಿಗೆ ನಾಲ್ಕು ಸಾಲಿನ ಕ್ಷೇಮಸಮಾಚಾರ, ಇವನ್ನು ಬರೆಯದವರು ಅಥವಾ ಬರೆಯಿಸದವರು ಯಾರೂ ಇಲ್ಲ. ಇವುಗಳನ್ನು ಯಾರೂ ಸಾಹಿತ್ಯವೆಂದು ಕರೆಯುವುದಿಲ್ಲ. ಆದರೂ ನಮ್ಮ ಬಾಳಿನ ಎಷ್ಟೋ ಕೆಲಸಗಳು ಕೈಗೂಡುವುದೂ ಕೆಡುವುದೂ ಇಂಥ ಸಣ್ಣ ಬರಹಗಳಿಂದಲೇ. ಈ ನಿತ್ಯದ ಬರಹಕ್ಕೆ ಈಚೆಗೆ ಒಬ್ಬ ಹೊಸ ಸಹಾಯಕನು ಬಂದಿದ್ದಾನೆ. ಅವನ ಗುಣವನ್ನೂ ಮಿತಿಯನ್ನೂ ನಾವು ಕಂಡಮಟ್ಟಿಗೆ ನಿಮ್ಮ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಗಣಕಯಂತ್ರದಲ್ಲಿ ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಅದಕ್ಕೆ ಹೊರಗಿನಿಂದ ಸೇರಿಸಬಹುದಾದ ಚಿಕ್ಕ ತಂತ್ರಾಂಶವೇ ಎಕ್ಸ್‌ಟೆನ್ಷನ್. ಬರಹವನ್ನು ತಿದ್ದುವ ಎಕ್ಸ್‌ಟೆನ್ಷನ್ನನ್ನು ಒಮ್ಮೆ ಸೇರಿಸಿದರೆ, ನಾವು ಈಮೇಲ್ ಬರೆಯುತ್ತಿರಲಿ, ಅರ್ಜಿಯ ಚೌಕವನ್ನು ತುಂಬುತ್ತಿರಲಿ, ಅದು ಬೆನ್ನ ಹಿಂದೆ ನಿಂತ ಉಪಾಧ್ಯಾಯರಂತೆ ಓದುತ್ತಲೇ ಇರುತ್ತದೆ. ಕಾಗುಣಿತ ತಪ್ಪಿದಲ್ಲಿ ಕೆಂಪು ಗೆರೆ ಎಳೆಯುತ್ತದೆ. ವಾಕ್ಯ ತೊಡಕಾದಲ್ಲಿ ಬೇರೊಂದು ವಾಕ್ಯವನ್ನು ಸೂಚಿಸುತ್ತದೆ. ಬಯಸಿದರೆ ಇಡೀ ಪತ್ರವನ್ನೇ ಹೊಸದಾಗಿ ಬರೆದುಕೊಡುತ್ತದೆ. ಈ ಬಗೆಯವುಗಳಲ್ಲಿ ಬಹಳ ಹೆಸರಾದ ಗ್ರಾಮರ್ಲಿಯನ್ನು 2009ರಲ್ಲಿ ಆರಂಭಿಸಿದವರು ಉಕ್ರೇನ್ ದೇಶದ ಮೂವರು. ಇಂಗ್ಲಿಷ್ ತಾಯ್ನುಡಿಯಲ್ಲದವರೇ ಇಂಗ್ಲಿಷನ್ನು ತಿದ್ದುವ ಯಂತ್ರವನ್ನು ಕಟ್ಟಿದರೆಂಬುದು ನಮಗೆ ಸ್ವಾರಸ್ಯವಾಗಿ ಕಂಡಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲಂತೂ ಕೃತಕ ಬುದ್ಧಿಮತ್ತೆಯ ಇಂಥ ಸಹಾಯಕರ ಸಂಖ್ಯೆ ಬಹಳವಾಗಿ ಬೆಳೆದಿದೆ.

ನಾವು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವರು. ಹಾವೇರಿ ಜಿಲ್ಲೆಯ ಹಳ್ಳಿಯನ್ನು ಬಿಟ್ಟು ದೆಹಲಿಗೆ ಬಂದು ಕನ್ನಡ ಪಾಠ ಹೇಳುತ್ತಿರುವವರು. ಇಲ್ಲಿ ನಮಗೆ ಮೂರು ಭಾಷೆಗಳಲ್ಲಿ ಜೀವನ ನಡೆಯಬೇಕು. ಬೀದಿಯಲ್ಲಿ ಹಿಂದಿ, ಕಚೇರಿಗಳಿಗೆ ಇಂಗ್ಲಿಷ್, ಮನೆಯಲ್ಲಿಯೂ ತರಗತಿಯಲ್ಲಿಯೂ ಕನ್ನಡ. ನಿಮ್ಮಲ್ಲಿ ಬಹುಪಾಲು ಮಂದಿಯ ಮನೆಗಳ ಸ್ಥಿತಿಯೂ ಇದೇ. ತಂದೆತಾಯಿಗಳು ಕನ್ನಡದಲ್ಲಿ ಚೆನ್ನಾಗಿ ಯೋಚಿಸಬಲ್ಲರು. ವ್ಯವಹಾರದ ಮಾತನ್ನು ನೇರವಾಗಿ ಆಡಬಲ್ಲರು. ಆದರೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಬೇಕಾದೊಡನೆ ಅವರ ಕೈ ನಡುಗುತ್ತದೆ. ಅಂಥವರಿಗೆ ಈ ಯಂತ್ರವು ದೊಡ್ಡ ಉಪಕಾರಿ. ಅದು ನಗುವುದಿಲ್ಲ, ಬೇಸರಿಸುವುದಿಲ್ಲ, ಹತ್ತು ಸಲ ಕೇಳಿದರೂ ಹತ್ತು ಸಲವೂ ಹೇಳುತ್ತದೆ. ಇದನ್ನು ನಾವು ಮೊದಲೇ ಒಪ್ಪಿಕೊಂಡುಬಿಡೋಣ. ಯಂತ್ರವೆಂದೊಡನೆ ಹಳಿಯುವುದು ಪಾಂಡಿತ್ಯದ ಲಕ್ಷಣವಲ್ಲ.

ಆದರೆ ಕೆಂಪು ಗೆರೆಯ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಇಂಗ್ಲಿಷ್ ಲಿಪಿಯಲ್ಲಿ ನಿಮ್ಮ ಹೆಸರನ್ನು ಬರೆದು ನೋಡಿ. ಬಸವರಾಜನ ಕೆಳಗೂ ಹುಲಿಗೆಮ್ಮನ ಕೆಳಗೂ ಕೆಂಪು ಗೆರೆ ಬೀಳುವುದುಂಟು. ಊರಿನ ಹೆಸರಿನ ಕೆಳಗೂ ಬೀಳುವುದುಂಟು. ಹಾಗೆಂದ ಮಾತ್ರಕ್ಕೆ ನಿಮ್ಮ ಹೆಸರು ತಪ್ಪೇ? ಅಲ್ಲ. ಆ ಪದವು ಯಂತ್ರದ ಪಟ್ಟಿಯಲ್ಲಿ ಇಲ್ಲವೆಂದಷ್ಟೇ ಅದರ ಅರ್ಥ. ಬರೆಯುತ್ತಿರುವಾಗಲೇ ಪದದ ಕೆಳಗೆ ಕೆಂಪು ಅಲೆಗೆರೆ ಎಳೆಯುವ ಪದ್ಧತಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ ತಂತ್ರಾಂಶವು 1995ರಲ್ಲಿ ಬಳಕೆಗೆ ತಂದಿತು. ಅಂದಿನ ಯಂತ್ರದ ಕೆಲಸ ಸರಳವಾದುದು: ಒಂದು ಪದಪಟ್ಟಿಯನ್ನು ಇಟ್ಟುಕೊಂಡು, ಬರೆದ ಪದ ಅದರಲ್ಲಿ ಇದೆಯೇ ಇಲ್ಲವೇ ಎಂದು ಹುಡುಕುವುದು.

ಕನ್ನಡಕ್ಕೆ ಬಂದಾಗ ಈ ಉಪಾಯ ಸಾಲದು. ಇಂಗ್ಲಿಷಿನಲ್ಲಿ ಹಲವು ಪದಗಳಲ್ಲಿ ಹೇಳುವುದನ್ನು ನಾವು ‘ಮನೆಯಲ್ಲಿದ್ದವನಿಗೂ’ ಎಂದು ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಪ್ರಕೃತಿಗೆ ಪ್ರತ್ಯಯ ಸೇರಿ, ಸಂಧಿಯಾಗಿ, ಒಂದೊಂದು ನಾಮಪದವೂ ನೂರಾರು ರೂಪಗಳನ್ನು ತಾಳುತ್ತದೆ. ಅವೆಲ್ಲವನ್ನೂ ಪಟ್ಟಿ ಮಾಡುವುದು ಎಲ್ಲಿ ಸಾಧ್ಯ? ಪದವನ್ನು ಬಿಡಿಸಿ ಪ್ರಕೃತಿಪ್ರತ್ಯಯಗಳನ್ನು ಗುರುತಿಸುವ ವಿದ್ಯೆ ಯಂತ್ರಕ್ಕೆ ಬೇಕು. ವ್ಯಾಕರಣದ ತರಗತಿಯಲ್ಲಿ ನೀವು ಬೇಸರದಿಂದ ಮಾಡುವ ‘ಪದವನ್ನು ಬಿಡಿಸಿ ಬರೆಯಿರಿ’ ಎಂಬ ಅಭ್ಯಾಸವು ಯಂತ್ರಕ್ಕೂ ತಪ್ಪಿದ್ದಲ್ಲವೆಂದು ತಿಳಿದು ನೀವು ಸಮಾಧಾನಪಟ್ಟುಕೊಳ್ಳಬಹುದು.

ಈಗಿನ ಕೃತಕ ಬುದ್ಧಿಮತ್ತೆಯ ಯಂತ್ರವು ಬೇರೆ ದಾರಿ ಹಿಡಿದಿದೆ. ಅದು ಅಪಾರವಾದ ಬರಹಗಳನ್ನು ಓದಿ, ಯಾವ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕದಿಂದ ಕಲಿತುಕೊಂಡಿದೆ. ಆದುದರಿಂದ ಅದರ ಒಲವು ಸಹಜವಾಗಿಯೇ ಹೆಚ್ಚು ಬಳಕೆಯಾದ ಮಾತಿನ ಕಡೆಗೆ. ಎಲ್ಲರೂ ಹೇಳುವಂತೆ ಹೇಳುವುದರಲ್ಲಿ ಅದು ನಿಪುಣ. ಆದರೆ ನೀವು ಹೇಳಬೇಕೆಂದುಕೊಂಡದ್ದು ಏನು ಎಂಬುದು, ನೀವು ಹೇಳಿದ ಹೊರತು ಅದಕ್ಕೆ ತಿಳಿಯದು. ಈ ಭೇದವು ಎಷ್ಟು ದೊಡ್ಡದೆಂಬುದನ್ನು ನಮಗೆ ಮನಗಾಣಿಸಿದವರು ರಾಯಚೂರು ಕಡೆಯ ಒಬ್ಬ ತಂದೆ.

ಅವರು ಚಾಣಕ್ಯಪುರಿಯ ಒಂದು ಕಟ್ಟಡದಲ್ಲಿ ಗುತ್ತಿಗೆದಾರರ ಕೈಕೆಳಗೆ ಶುಚಿತ್ವದ ಕೆಲಸ ಮಾಡುವವರು. ಮಗ ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿದ್ಯಾರ್ಥಿ. ಅವರಿಗೆ ಎರಡು ತಿಂಗಳ ಸಂಬಳ ಬಂದಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಬೇಕೆಂದು ಒಂದು ಭಾನುವಾರ ಮಗನೊಡನೆ ನಮ್ಮ ಮನೆಗೆ ಬಂದರು. ಅವರು ಕನ್ನಡದಲ್ಲಿ ಹೇಳಿದಂತೆ ನಾವು ಬರೆಯುತ್ತ ಹೋದೆವು. ಎಕ್ಸ್‌ಟೆನ್ಷನ್ ತನ್ನ ಕೆಲಸವನ್ನು ಮಾಡುತ್ತ ಹೋಯಿತು. ಕಾಗುಣಿತದ ತಪ್ಪನ್ನು ತೋರಿಸಿತು. ಒಂದು ಕ್ರಿಯಾಪದದ ಕಾಲವನ್ನು ಸರಿಪಡಿಸಿತು. ಅದೆಲ್ಲ ಸರಿಯಾಗಿಯೇ ಇತ್ತು. ‘ನನಗೆ ಎರಡು ತಿಂಗಳ ಸಂಬಳ ಬಂದಿಲ್ಲ’ ಎಂಬ ವಾಕ್ಯಕ್ಕೆ ಬಂದಾಗ ಮಾತ್ರ, ಧ್ವನಿ ಕಠಿಣವಾಗಿದೆಯೆಂದು ತಿಳಿಸಿ, ಬೇರೊಂದು ವಾಕ್ಯವನ್ನು ಸೂಚಿಸಿತು. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ವೇತನದ ಪಾವತಿಯಲ್ಲಿ ಕೊಂಚ ವಿಳಂಬವಾಗಿರುವಂತೆ ತೋರುತ್ತದೆ, ತಮಗೆ ಅನುಕೂಲವಾದಾಗ ಪರಿಶೀಲಿಸಿದರೆ ಉಪಕಾರವಾಗುವುದು.’

ಬೇರೆಯವರ ಪರವಾಗಿ ಬರೆದ ಅರ್ಜಿಯನ್ನು ಅವರಿಗೆ ಓದಿಹೇಳಿದ ಮೇಲೆಯೇ ಕಳಿಸುವುದು ನಮ್ಮ ಪದ್ಧತಿ. ಯಂತ್ರದ ವಾಕ್ಯವನ್ನೂ ಸೇರಿಸಿ ಕನ್ನಡದಲ್ಲಿ ಓದಿಹೇಳಿದೆವು. ಅವರು ತಲೆದೂಗುತ್ತ ಕೇಳಿದರು. ಕೊನೆಯಲ್ಲಿ, “ಎಲ್ಲಾ ಚಲೋ ಅದ ಸರ. ಆದ್ರ ನಾ ಹೇಳಿದ ಎರಡು ತಿಂಗಳು ಇದರಾಗ ಎಲ್ಲಿ ಅದ?” ಎಂದರು.

ಒಂದು ಕ್ಷಣ ಮೂವರೂ ಸುಮ್ಮನಾದೆವು. ಅರ್ಜಿ ನಯವಾಗಿತ್ತು, ವ್ಯಾಕರಣ ಶುದ್ಧವಾಗಿತ್ತು, ಅವರ ಎರಡು ತಿಂಗಳ ದುಡಿಮೆ ಮಾತ್ರ ಅದರಲ್ಲಿ ಇರಲಿಲ್ಲ. ಚಾಣಕ್ಯಪುರಿಯ ರಸ್ತೆಗಳಿಗೆ ಸತ್ಯ ಮಾರ್ಗ, ನ್ಯಾಯ ಮಾರ್ಗ, ನೀತಿ ಮಾರ್ಗ, ವಿನಯ ಮಾರ್ಗ ಎಂದೆಲ್ಲ ಹೆಸರುಗಳಿರುವುದನ್ನು ನೀವು ಬಲ್ಲಿರಿ. ಯಂತ್ರವು ವಿನಯ ಮಾರ್ಗದಲ್ಲಿ ಬಹುದೂರ ನಡೆದು ಸತ್ಯ ಮಾರ್ಗವನ್ನು ಬಿಟ್ಟುಬಿಟ್ಟಿತ್ತು. ಕಾಗುಣಿತದ ತಿದ್ದುಪಡಿಗಳನ್ನು ಉಳಿಸಿಕೊಂಡು, ಆ ಒಂದು ವಾಕ್ಯವನ್ನು ಅವರು ಹೇಳಿದ ಹಾಗೆಯೇ ಮತ್ತೆ ಇಟ್ಟೆವು. ತಿಂಗಳುಗಳ ಹೆಸರು, ದುಡಿದ ದಿನಗಳ ಸಂಖ್ಯೆ, ಬರಬೇಕಾದ ಮೊತ್ತ, ಇಷ್ಟನ್ನೂ ಸೇರಿಸಿದೆವು. ಹದಿನೈದು ದಿನಗಳಲ್ಲಿ ಒಂದು ತಿಂಗಳ ಸಂಬಳ ಬಂದಿತು. ಎರಡನೆಯದಕ್ಕೆ ಮತ್ತೊಂದು ಪತ್ರ ಬೇಕಾಯಿತು. ಅದನ್ನು ಮಗನೇ ಬರೆದನು.

ಚಾಣಕ್ಯನ ಹೆಸರಿನ ಊರಿನಲ್ಲಿ ನಡೆದ ಈ ಪ್ರಸಂಗವು ಚಾಣಕ್ಯನ ಗ್ರಂಥವನ್ನೇ ನಮ್ಮ ನೆನಪಿಗೆ ತಂದಿತು. ಕೌಟಿಲ್ಯನ ಅರ್ಥಶಾಸ್ತ್ರವು ಶತಮಾನಗಳ ಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. ತಂಜಾವೂರು ಕಡೆಯ ಒಬ್ಬ ಪಂಡಿತರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಯೋಲೆಯ ಪ್ರತಿಯಲ್ಲಿ ಅದನ್ನು 1905ರಲ್ಲಿ ಗುರುತಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. 1915ರಲ್ಲಿ ಅವರ ಇಂಗ್ಲಿಷ್ ಅನುವಾದವೂ ಗ್ರಂಥರೂಪದಲ್ಲಿ ಬಂದಿತು. ಲೋಕಕ್ಕೆ ಈ ಗ್ರಂಥವನ್ನು ಕೊಟ್ಟ ಕೀರ್ತಿಯಲ್ಲಿ ಕನ್ನಡ ನಾಡಿಗೂ ಪಾಲಿದೆಯೆಂಬುದು ನೀವು ನೆನಪಿಡತಕ್ಕ ಸಂಗತಿ.

ಆ ಗ್ರಂಥದ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯವು ರಾಜಶಾಸನಗಳನ್ನೂ ಪತ್ರಗಳನ್ನೂ ಬರೆಯುವ ಬಗೆಯನ್ನು ಕುರಿತದ್ದು. ಒಳ್ಳೆಯ ಬರಹಕ್ಕೆ ಅಲ್ಲಿ ಆರು ಗುಣಗಳನ್ನು ಹೇಳಿದೆ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ದೋಷಗಳು ಐದು: ಅಕಾಂತಿ, ಎಂದರೆ ಅಂದಗೆಟ್ಟ ಅಕ್ಷರ, ವ್ಯಾಘಾತ, ಎಂದರೆ ಹಿಂದಿನ ಮಾತಿಗೆ ಮುಂದಿನ ಮಾತು ವಿರುದ್ಧವಾಗುವುದು, ಪುನರುಕ್ತಿ, ಅಪಶಬ್ದ, ಎಂದರೆ ಲಿಂಗ ವಚನ ಕಾಲ ವಿಭಕ್ತಿಗಳ ತಪ್ಪು, ಸಂಪ್ಲವ, ಎಂದರೆ ಬಿಡಿಸಬೇಕಾದಲ್ಲಿ ಬಿಡಿಸದೆ, ಬಿಡಿಸಬಾರದಲ್ಲಿ ಬಿಡಿಸಿ ಗೊಂದಲ ಮಾಡುವುದು. ಈ ಐದು ದೋಷಗಳನ್ನು ಹುಡುಕುವುದರಲ್ಲಿ ಇಂದಿನ ಯಂತ್ರವು ಬಹುಮಟ್ಟಿಗೆ ಸಮರ್ಥ. ಅಕಾಂತಿಯಂತೂ ಅಚ್ಚಿನ ಅಕ್ಷರ ಬಂದೊಡನೆಯೇ ಹೋಯಿತು. ಮಾಧುರ್ಯವನ್ನೂ ಅದು ಸಾಲು ಸಾಲಾಗಿ ತಂದುಕೊಡುತ್ತದೆ. ಆದರೆ ಗುಣಗಳಲ್ಲಿ ಮೊದಲನೆಯದು ಅರ್ಥಕ್ರಮ: ಮುಖ್ಯವಾದುದನ್ನು ಮೊದಲು ಹೇಳಿ, ಉಳಿದುದನ್ನು ಅದಕ್ಕೆ ತಕ್ಕಂತೆ ಜೋಡಿಸುವುದು. ಯಾವುದು ಮುಖ್ಯವೆಂದು ನಿರ್ಧರಿಸಬೇಕಾದವನು ಸಂಬಳ ಬಾರದೆ ಕಷ್ಟಪಡುತ್ತಿರುವವನೇ ಹೊರತು ಯಂತ್ರವಲ್ಲ. ಮೂರನೆಯದು ಪರಿಪೂರ್ಣತೆ: ಹೇಳಬೇಕಾದುದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಎರಡು ತಿಂಗಳು ‘ಕೊಂಚ ವಿಳಂಬ’ವಾದಾಗ ಅದೂ ಕೆಟ್ಟಿತು.

ಇಂಗ್ಲಿಷಿನ ಮಾತು ಹೀಗಾದರೆ ಕನ್ನಡದ ಮಾತು ಹೇಗೆ? ಹೊಸ ಯಂತ್ರಗಳು ಕನ್ನಡವನ್ನೂ ಬರೆಯುತ್ತವೆ. ಕೆಲವು ಸಲ ಚೆನ್ನಾಗಿಯೇ ಬರೆಯುತ್ತವೆ. ಆದರೆ ನಮ್ಮ ತರಗತಿಯ ಒಬ್ಬ ಬಾಲಿಕೆಯ ಪತ್ರದ ಕಥೆಯನ್ನು ಹೇಳಲೇಬೇಕು. ಮಂಡ್ಯದಲ್ಲಿರುವ ತನ್ನ ಅಜ್ಜಿಗೆ ಅವಳು ಹೀಗೆ ಬರೆದಿದ್ದಳು: ‘ಅಜ್ಜಿ, ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಇಲ್ಲಿ ಚಳಿ ಅಂದರೆ ಚಳಿ. ನೀನು ಕಳಿಸಿದ ಚಟ್ನಿಪುಡಿ ಮುಗಿದೇ ಹೋಯಿತು.’ ಇದನ್ನು ಅಂದಗೊಳಿಸಬೇಕೆಂದು ಯಂತ್ರಕ್ಕೆ ಕೊಟ್ಟಳು. ಯಂತ್ರವು ಕೊಟ್ಟ ಮೊದಲ ಸಾಲು: ‘ಪ್ರೀತಿಯ ಅಜ್ಜಿಯವರೇ, ಈ ಪತ್ರವು ನಿಮ್ಮನ್ನು ಉತ್ತಮ ಆರೋಗ್ಯದಲ್ಲಿ ಕಂಡುಕೊಳ್ಳುತ್ತದೆ ಎಂದು ಭಾವಿಸುತ್ತೇನೆ.’ ಪತ್ರ ತಲಪಿದ ಮೇಲೆ ಅಜ್ಜಿ ದೂರವಾಣಿಯಲ್ಲಿ ಮಗಳನ್ನು ಕೇಳಿದರಂತೆ: “ಮಗೀಗೆ ನನ್ ಮೇಲೆ ಕೋಪವೇನೇ? ಹಂಗ್ಯಾಕೆ ದೂರದೋರಿಗೆ ಬರ್ದಂಗೆ ಬರ್ದವ್ಳೆ?”

ಆ ಸಾಲಿನಲ್ಲಿ ಕಾಗುಣಿತದ ತಪ್ಪಿಲ್ಲ. ವಿಭಕ್ತಿಯ ತಪ್ಪೂ ಇಲ್ಲ. ಆದರೂ ಅದು ಕನ್ನಡವಲ್ಲ. ಇಂಗ್ಲಿಷಿನಲ್ಲಿ ಪತ್ರದ ಆರಂಭಕ್ಕೆ ರೂಢಿಯಾಗಿರುವ ಒಂದು ಮಾತು ಕನ್ನಡದ ಅಂಗಿ ತೊಟ್ಟು ಬಂದಿದೆ. ಪತ್ರ ಹೋಗಿ ಅಜ್ಜಿಯನ್ನು ಹುಡುಕಿ ‘ಕಂಡುಕೊಳ್ಳುವುದು’ ನಮ್ಮ ಕಲ್ಪನೆಯಲ್ಲ. ನಮ್ಮ ಹಿರಿಯರ ಪತ್ರಗಳಲ್ಲಿಯೂ ರೂಢಿಯ ಮಾತುಗಳಿದ್ದವು: ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು ಎಂದು. ಅವೂ ಸಿದ್ಧವಾದ ಮಾತುಗಳೇ. ಆದರೆ ಅವು ನಮ್ಮ ಸಂಬಂಧಗಳ ನಡುವೆ ಬೆಳೆದು ಬಂದವು. ತಾಯಿಗೆ ಬೇರೆ, ತಮ್ಮನಿಗೆ ಬೇರೆ ಎಂಬ ವಿವೇಕ ಅವುಗಳಿಗಿತ್ತು. ‘ನೀನು’ ಎಂಬ ಸಲಿಗೆಯನ್ನು ‘ನೀವು’ ಎಂದು ತಿದ್ದಿದರೆ ಎಲ್ಲ ಕಡೆಯೂ ಗೌರವ ಹೆಚ್ಚುವುದಿಲ್ಲ. ಕೆಲವೆಡೆ ದೂರ ಮಾತ್ರ ಹೆಚ್ಚುತ್ತದೆ.

ಯಂತ್ರಕ್ಕೆ ಈ ವಿವೇಕ ಏಕೆ ಬಂದಿಲ್ಲ? ಅದು ಕಲಿತದ್ದು ಹೆಚ್ಚಾಗಿ ಇಂಗ್ಲಿಷಿನಿಂದ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು 4 ಕೋಟಿ 37 ಲಕ್ಷ. ಆದರೆ ಅಂತರ್ಜಾಲದಲ್ಲಿ ಕನ್ನಡದ ಬರಹ ಆ ಪ್ರಮಾಣದಲ್ಲಿ ಇಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳು 70 ಲಕ್ಷವನ್ನು ಮುಟ್ಟಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರವನ್ನು ದಾಟಿವೆ. ಅಕ್ಷರಗಳ ಲೆಕ್ಕದಲ್ಲಿಯೂ ನಮಗೆ ಭಾರ ಹೆಚ್ಚು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಗಣಕಯಂತ್ರದಲ್ಲಿ ಸಾಮಾನ್ಯವಾಗಿ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸಕಾರ, ತಕಾರ, ರಕಾರ, ನಡುವೆ ಎರಡು ಅರ್ಧಾಕ್ಷರದ ಚಿಹ್ನೆ, ಕೊನೆಗೆ ದೀರ್ಘ ಈಕಾರದ ಗುರುತು, ಹೀಗೆ ಆರು ಸಂಕೇತಗಳು, 18 ಬೈಟ್‌ಗಳು.

ಕನ್ನಡವು ತೆರೆಯ ಮೇಲೆ ಮೂಡಿದ್ದೂ ತಾನಾಗಿಯೇ ಅಲ್ಲ. ಧ್ವನಿಗೆ ಅನುಸಾರವಾದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಕೆ. ಪಿ. ರಾವ್ ಅವರು ರೂಪಿಸಿದರು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶವು 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ಯನ್ನು ಸಿದ್ಧಪಡಿಸಿದರು. ಇವರೆಲ್ಲ ದುಡಿದುದರಿಂದಲೇ ಇಂದು ನಾವು ದೆಹಲಿಯಲ್ಲಿ ಕುಳಿತು ಕನ್ನಡದಲ್ಲಿ ಬೆರಳಚ್ಚಿಸಬಲ್ಲೆವು. ಅವರು ಅಕ್ಷರವನ್ನು ಕೊಟ್ಟರು; ವಾಕ್ಯವನ್ನು ಕೊಡಬೇಕಾದವರು ನಾವು. ನಾವು ಒಳ್ಳೆಯ ಕನ್ನಡವನ್ನು ಹೇರಳವಾಗಿ ಬರೆದರೆ ನಾಳಿನ ಯಂತ್ರ ಅದನ್ನು ಕಲಿಯುತ್ತದೆ. ಯಂತ್ರ ಕೊಟ್ಟದ್ದನ್ನೇ ನಾವು ಮತ್ತೆ ಮತ್ತೆ ಬರೆದರೆ, ಅದು ತನ್ನ ತಪ್ಪನ್ನೇ ನಮ್ಮ ಕೈಯಿಂದ ಕಲಿಯುತ್ತದೆ.

ತಿದ್ದುವವರು ಹೇಗಿರಬೇಕೆಂಬುದಕ್ಕೆ ನಮ್ಮಲ್ಲಿ ದೊಡ್ಡ ಮೇಲ್ಪಂಕ್ತಿಯಿದೆ. ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ಬಹುಕಾಲ ನಡೆಸಿದರು. ಯಾವ ಪದ ಸರಿ, ಯಾವುದು ತಪ್ಪು ಎಂದು ಓದುಗರು ಕೇಳುತ್ತಿದ್ದರು. ಅವರು ‘ಇದು ಸರಿ’ ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಪದದ ಮೂಲ ಯಾವುದು, ಬಳಕೆ ಹೇಗಿದೆ, ಏಕೆ ಸರಿ ಎಂಬುದನ್ನೂ ತಿಳಿಸುತ್ತಿದ್ದರು. ಕಾರಣ ಸಹಿತವಾದ ತಿದ್ದುಪಡಿಯಿಂದ ವಿದ್ಯೆ ಬೆಳೆಯುತ್ತದೆ. ಕಾರಣವಿಲ್ಲದ ತಿದ್ದುಪಡಿಯಿಂದ ಆ ಒಂದು ಪತ್ರ ಮಾತ್ರ ಶುದ್ಧವಾಗುತ್ತದೆ. ಬರೆದವನು ಇದ್ದಲ್ಲಿಯೇ ಇರುತ್ತಾನೆ.

ಇನ್ನೊಂದು ಎಚ್ಚರಿಕೆಯ ಮಾತು. ಬೆನ್ನ ಹಿಂದೆ ನಿಂತು ಓದುವ ಸಹಾಯಕನು ಓದಿದ್ದನ್ನು ಸಾಮಾನ್ಯವಾಗಿ ದೂರದ ಗಣಕಯಂತ್ರಗಳಿಗೆ ಕಳಿಸಿಯೇ ಉತ್ತರ ತರುತ್ತಾನೆ. 2018ರ ಫೆಬ್ರುವರಿಯಲ್ಲಿ ಗೂಗಲ್ ಸಂಸ್ಥೆಯ ಭದ್ರತಾ ಸಂಶೋಧಕರೊಬ್ಬರು, ಗ್ರಾಮರ್ಲಿಯ ಎಕ್ಸ್‌ಟೆನ್ಷನ್ನಿನಲ್ಲಿದ್ದ ಒಂದು ದೋಷದಿಂದ ಬಳಕೆದಾರರ ಬರಹಗಳು ಇತರ ಜಾಲತಾಣಗಳಿಗೆ ಸಿಕ್ಕಬಹುದೆಂದು ತೋರಿಸಿದರು. ಆ ಸಂಸ್ಥೆಯವರು ಅದನ್ನು ಬೇಗನೆ ಸರಿಪಡಿಸಿದರು. ದೋಷ ಹೋಯಿತು; ಪಾಠ ಉಳಿಯಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು, 18 ವರ್ಷ ತುಂಬದವರ ವಿವರಗಳನ್ನು ಬಳಸಿಕೊಳ್ಳಬೇಕಾದರೆ ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಆದುದರಿಂದ ಮನೆಯವರನ್ನು ಕೇಳದೆ ಇಂಥದನ್ನು ಸೇರಿಸಿಕೊಳ್ಳಬೇಡಿ. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ಮನೆಯ ಗುಟ್ಟು ಇರುವ ಬರಹವನ್ನು ಬರೆಯುವಾಗ ಅದನ್ನು ನಿಲ್ಲಿಸಿಡಿ.

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ತರಗತಿಯಲ್ಲಿ ಈ ವರ್ಷ ಒಂದು ಪದ್ಧತಿಯನ್ನು ಆರಂಭಿಸಿದ್ದೇವೆ. ಪತ್ರವನ್ನಾಗಲಿ ಅರ್ಜಿಯನ್ನಾಗಲಿ ಮೊದಲು ಕಾಗದದ ಮೇಲೆ ಕೈಯಿಂದಲೇ ಬರೆಯಬೇಕು. ಅದನ್ನು ಪಕ್ಕದಲ್ಲಿ ಕುಳಿತವರಿಗೆ ಗಟ್ಟಿಯಾಗಿ ಓದಿಹೇಳಬೇಕು; ಕೇಳಿದವರು ‘ಇವರಿಗೆ ಬೇಕಾದದ್ದು ಇಂಥದು’ ಎಂದು ಒಂದೇ ಮಾತಿನಲ್ಲಿ ಹೇಳಬಲ್ಲವರಾಗಬೇಕು. ಆಮೇಲೆ ಯಂತ್ರದ ಮುಂದೆ ಇಡಬಹುದು. ಯಂತ್ರದ ಒಂದೊಂದು ಸೂಚನೆಯನ್ನೂ ಒಪ್ಪಿದರೆ ಏಕೆ ಒಪ್ಪಿದೆ, ಬಿಟ್ಟರೆ ಏಕೆ ಬಿಟ್ಟೆ ಎಂದು ಅಂಚಿನಲ್ಲಿ ಬರೆಯಬೇಕು. ಕಾರಣ ಹೊಳೆಯದಿದ್ದರೆ ನಿಘಂಟನ್ನು ನೋಡಬೇಕು, ಇಲ್ಲವೇ ನಮ್ಮನ್ನು ಕೇಳಬೇಕು.

ಆ ಅಂಚಿನ ಟಿಪ್ಪಣಿಗಳನ್ನು ಓದುವುದು ನಮಗೆ ಈಗ ಪತ್ರಗಳನ್ನು ಓದುವುದಕ್ಕಿಂತ ಹೆಚ್ಚು ಸಂತೋಷದ ಕೆಲಸವಾಗಿದೆ. ‘ಒಪ್ಪಿದೆ, ಒಂದೇ ಮಾತನ್ನು ಎರಡು ಸಲ ಬರೆದಿದ್ದೆ’ ಎಂದು ಒಬ್ಬನು ಬರೆಯುತ್ತಾನೆ. ‘ಬಿಟ್ಟೆ; ಅಜ್ಜಿಗೆ ನಾನು ನೀವು ಅನ್ನುವುದಿಲ್ಲ’ ಎಂದು ಒಬ್ಬಳು ಬರೆಯುತ್ತಾಳೆ. ತಂದೆಯ ಸಂಬಳಕ್ಕಾಗಿ ಎರಡನೆಯ ಪತ್ರವನ್ನು ಬರೆದ ಹುಡುಗನು ತನ್ನ ಕರಡನ್ನು ನಮಗೆ ತೋರಿಸಿದ್ದನು. ಯಂತ್ರದ ಒಂಬತ್ತು ಸೂಚನೆಗಳಲ್ಲಿ ಎಂಟನ್ನು ಅವನು ಒಪ್ಪಿದ್ದನು. ಒಂಬತ್ತನೆಯದರ ಎದುರಿಗೆ ‘ಬಿಟ್ಟೆ; ಇದು ಅಪ್ಪ ಹೇಳಿದ್ದಲ್ಲ’ ಎಂದಿತ್ತು.